ಟ್ರ್ಯಾಕ್ಟರ್ ಟ್ರೇಲರಿನ ಅಚ್ಚಿನ ಮೇಲೆ ಕ್ಯಾಂಪಿಂಗ್ ಪೆಟ್ಟಿಗೆ ಕೂರಿಸಬಹುದಾ?

ಪ್ರಶ್ನೆ: ನಮ್ಮ ಊರು ಮುದ್ದೇಬಿಹಾಳದ ಹತ್ತಿರ. ಬೊಲೆರೊ ಇದೆ. ರಜೆ ಬಂದಾಗ ಮಕ್ಕಳನ್ನು ಕರೆದುಕೊಂಡು ಆಲಮಟ್ಟಿ ಹಿನ್ನೀರಿನ ಕಡೆಗೋ ಖಾನಾಪುರದ ಕಡೆಗೋ ಹೋಗಿ ಒಂದೆರಡು ರಾತ್ರಿ ಉಳಿಯುವ ಆಸೆ. ಮನೆ ಹಿಂದೆ ಹಳೇ ಟ್ರ್ಯಾಕ್ಟರ್ ಟ್ರೇಲರಿನ ಅಚ್ಚು ಗಾಲಿ ಸಮೇತ ಬಿದ್ದಿದೆ. ಅದರ ಮೇಲೇ ಪೆಟ್ಟಿಗೆ ಕೂರಿಸಿ ಕ್ಯಾಂಪಿಂಗ್ ಟ್ರೇಲರ್ ಮಾಡಿಕೊಡ್ತೀವಿ ಅಂತಾರೆ ವೆಲ್ಡಿಂಗ್ ಅಂಗಡಿಯವರು. ಮಾಡಿಸಲಾ?

ಉತ್ತರ: ಅಂಗಡಿ ಅದೇ ಇರಲಿ. ಅಚ್ಚು ಮಾತ್ರ ಬೇಡ.

ಈ ಪ್ರಶ್ನೆ ಜಮಖಂಡಿ, ಮುಧೋಳ, ಇಂಡಿ, ಎಲ್ಲ ಕಡೆಯಿಂದಲೂ ಬರುತ್ತದೆ. ಬರೋದು ಸಹಜ. ಕಬ್ಬಿನ ಸೀಮೆಯಲ್ಲಿ ಟ್ರೇಲರ್ ಕಟ್ಟುವವರಿಗೆ ಬರವಿಲ್ಲ. ಕಬ್ಬಿಣದ ವಿಷಯದಲ್ಲಿ ಅವರಿಗೆ ನಾವು ಹೇಳಿಕೊಡಬೇಕಾದ್ದು ಏನೂ ಇಲ್ಲ. ಆದರೆ ಅವರ ಕೈ ಪಳಗಿರೋದು ಬೇರೆ ಗಾಡಿಯ ಮೇಲೆ. ಹಲವು ಟನ್ ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಹಿಂದೆ ನಿಧಾನಕ್ಕೆ ಹೋಗುವ ಗಾಡಿ ಅದು. ನಿಮ್ಮದು ಐದಾರು ನೂರು ಕೆಜಿ ಹೊತ್ತು, ಹೈವೇಯಲ್ಲಿ 70ರಲ್ಲಿ ಓಡಿ, ಆಮೇಲೆ ಹೊಲದ ದಾರಿಗೆ ಇಳಿಯುವ ಗಾಡಿ. ಒಳಗೆ ಇರೋದು ಒಲೆ, ಹಾಸಿಗೆ, ಮೊಟ್ಟೆ.

ನಾನು ಮೊದಲು ಮಾಡಿಸಿದ್ದು ನೀವು ಕೇಳಿದಂಥದ್ದನ್ನೇ. ಬಾಗಲಕೋಟೆಯಿಂದ ಬಾದಾಮಿ ಕಡೆ ಹೋದೆವು, ಕೊನೆಯ ಏಳೆಂಟು ಕಿಲೋಮೀಟರ್ ಮಡ್ಡಿ ದಾರಿ. ಸಂಜೆ ಪೆಟ್ಟಿಗೆ ತೆಗೆದರೆ ಖಡಕ್ ರೊಟ್ಟಿಯ ಡಬ್ಬಿ ಬಾಯಿ ಬಿಟ್ಟುಕೊಂಡು ಮಲಗಿತ್ತು. ತಿಂಗಳುಗಟ್ಟಲೆ ಕೆಡದ ರೊಟ್ಟಿ ಪುಡಿಪುಡಿಯಾಗಿ ಶೇಂಗಾ ಹಿಂಡಿ ಜೊತೆ ಕಲೆತು ಹೋಗಿತ್ತು. ಒಲೆಯ ನಾಲ್ಕು ಬೋಲ್ಟಿನಲ್ಲಿ ಎರಡು ಇರಲೇ ಇಲ್ಲ. ಆ ರಾತ್ರಿ ರೊಟ್ಟಿ ಪುಡಿಗೆ ಮೊಸರು ಹಾಕಿಕೊಂಡು ತಿಂದೆವು. ರುಚಿ ಚೆನ್ನಾಗೇ ಇತ್ತು, ಅದು ಬೇರೆ ಮಾತು.

ಯಾಕೆ ಹಾಗಾಯಿತು ಅಂದರೆ ಪಾಟಾ. ಅಂದರೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳು. ಟ್ರ್ಯಾಕ್ಟರ್ ಟ್ರೇಲರಿಗೆ ಕೆಲವೊಮ್ಮೆ ಪಾಟಾ ಇರುವುದೇ ಇಲ್ಲ. ಇದ್ದರೂ ಅವು ಟನ್‌ಗಟ್ಟಲೆ ಭಾರಕ್ಕೆ ಬಾಗುವಂಥವು. 600 ಕೆಜಿಗೆ ಅವು ಜಗ್ಗೋದೇ ಇಲ್ಲ. ಕಲ್ಲಿನ ಏಟು ನೇರವಾಗಿ ಪೆಟ್ಟಿಗೆಗೇ ಬಡಿಯುತ್ತದೆ. ಪೂರ್ತಿ ಸಾಮಾನು ತುಂಬಿದ ಮೇಲೆ ಪಾಟಾ ಎಷ್ಟು ಕೆಳಗೆ ಬಂತು ಅಂತ ಟೇಪ್ ಹಿಡಿದು ನೋಡಿ. ಎರಡು ಇಂಚೂ ಬರಲಿಲ್ಲವಾ? ಹಾಗಾದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ತುಂಡು. ಎರಡನೇ ಸಲ ನಾನು ಹಾಕಿಸಿದ್ದು ಮಾರುತಿ ಓಮ್ನಿಯ ಹಿಂದಿನ ಪಾಟಾ, ಜೊತೆಗೆ ಒಂದು ಜೋಡಿ ಶಾಕ್ ಅಬ್ಸಾರ್ಬರ್. ಬೊಲೆರೊದ ಹಿಂದಿನ ಪಾಟಾ ಹಾಕುವುದಾದರೆ ಒಂದೆರಡು ಪಟ್ಟಿ ತೆಗೆಸಬೇಕಾಗುತ್ತದೆ.

ಇನ್ನು ತೂಕ. ಮಿಸ್ತ್ರಿಗೆ ಸಣ್ಣ ಪೈಪ್ ತೋರಿಸಿದರೆ ಬರುವ ಮಾತು ಒಂದೇ: "ಹಗುರ ಮಾಡಿದ್ರ ಮುರೀತೈತ್ರಿ ಸರ." ಅದಕ್ಕೆ ಲೆಕ್ಕ ಇಟ್ಟುಕೊಂಡು ಹೋಗಿ. 100 ಮಿಲಿಮೀಟರ್ ಸಿ-ಚಾನೆಲ್ ಮೀಟರಿಗೆ 9 ಕೆಜಿಗೂ ಜಾಸ್ತಿ ತೂಗುತ್ತದೆ. 50×50 ಚೌಕ ಪೈಪ್, 3 ಮಿಲಿ ದಪ್ಪದ್ದು, ಮೀಟರಿಗೆ 4 ಕೆಜಿ ಚಿಲ್ಲರೆ. ಇಷ್ಟು ಚಿಕ್ಕ ಟ್ರೇಲರಿನ ಚೌಕಟ್ಟಿಗೆ 16 ಮೀಟರ್ ಹಿಡಿಯುತ್ತದೆ ಅಂದುಕೊಳ್ಳಿ. ಚಾನೆಲ್ ಆದರೆ 150 ಕೆಜಿ, ಪೈಪ್ ಆದರೆ 68. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಎತ್ತರದ ಪೆಟ್ಟಿಗೆಯನ್ನು 3 ಮಿಲಿ ತಗಡಿನಲ್ಲಿ ಮಾಡಿದರೆ ತಗಡೇ 180 ಕೆಜಿ ದಾಟುತ್ತದೆ. 1.2 ಮಿಲಿಯಲ್ಲಿ 75ರ ಆಸುಪಾಸು. ಒಂದು ಚೊಂಬು ನೀರೂ ಇಡುವ ಮೊದಲೇ ಇನ್ನೂರು ಕೆಜಿ ಹತ್ತಿರ ಉಳಿಯಿತು.

ಮುರಿಯುವ ಮಾತು ಸುಳ್ಳಲ್ಲ, ಮುರಿಯುತ್ತದೆ. ಆದರೆ ಪೈಪ್ ಸಣ್ಣದು ಅಂತಲ್ಲ, ಬೆಸುಗೆ ತಪ್ಪು ಜಾಗದಲ್ಲಿ ಬಿದ್ದದ್ದಕ್ಕೆ. ಮುಂದಿನ ವಿ ಆಕಾರದ ಎರಡು ಕೈಗಳನ್ನು ಚೌಕಟ್ಟಿನ ಮುಂಭಾಗಕ್ಕೆ ಮುಟ್ಟಿಸಿ ಅಲ್ಲೇ ಬೆಸೆದು ಬಿಡುತ್ತಾರೆ. ಬೀಳುವ ಪ್ರತಿ ಏಟೂ ಆ ಒಂದು ಗೆರೆಯ ಮೇಲೇ. ಅದರ ಬದಲು ಆ ಕೈಗಳು ಚೌಕಟ್ಟಿನ ಅಡಿಯಲ್ಲಿ ಹಿಂದಕ್ಕೆ ಹೋಗಿ ಪಾಟಾ ತೂಗುಹಾಕುವ ಬ್ರಾಕೆಟ್ಟಿನ ತನಕ ಸೇರಲಿ. ಬೆಸುಗೆಯ ಗೆರೆ ಪೈಪಿನ ಉದ್ದಕ್ಕೆ ಓಡಲಿ, ಅಡ್ಡಕ್ಕೆ ಬೇಡ. ಅಚ್ಚಿಗೆ ಪಾಟಾವನ್ನು ಯು-ಬೋಲ್ಟ್ ಹಾಕಿ ಕಟ್ಟಿಸಿ. ಅಚ್ಚಿನ ಮೇಲೆ ಸುಮ್ನೆ ಬೆಸುಗೆ ಹಾಕಿಸಬೇಡಿ.

ಈಗ ಮುಖ್ಯ ವಿಷಯ. ಇದೊಂದು ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಎರಡನೇ ಟ್ರೇಲರ್ ಕಟ್ಟಿಕೊಂಡು ಬೆಳಗಾವಿ ಬಿಟ್ಟು ಕಿತ್ತೂರಿನ ಕಡೆ ಬರುತ್ತಿದ್ದೆ, ಪುಣೆ-ಬೆಂಗಳೂರು ಹೈವೇ, ಇಳಿಜಾರು. ಸ್ಪೀಡ್ 80 ಮುಟ್ಟಿತ್ತು. ಪಕ್ಕದಲ್ಲಿ ಕೂತ ಕಾಕಾನ ಮಗ, "ಅಣ್ಣಾ, ಹಿಂದ ಏನೋ ಕುಣ್ಯಾಕತ್ತೈತಿ" ಅಂದ. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸುತ್ತಿದೆ. ಒಂದೊಂದು ಬೀಸೂ ಹಿಂದಿನದಕ್ಕಿಂತ ದೊಡ್ಡದು. ಬೊಲೆರೊದ ಹಿಂಭಾಗವನ್ನೂ ಜೊತೆಗೆ ಎಳೆಯುತ್ತಿತ್ತು. ಬ್ರೇಕ್ ಒತ್ತಲಿಲ್ಲ, ಪುಣ್ಯ. ಒತ್ತಿದ್ದರೆ ಟ್ರೇಲರ್ ಹಿಂದಿನಿಂದ ತಳ್ಳಿ ಗಾಡಿಯನ್ನೇ ಅಡ್ಡ ತಿರುಗಿಸುತ್ತದೆ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿದೆ. 50ಕ್ಕೆ ಇಳಿದ ಮೇಲೆ ತಾನೇ ಸುಮ್ಮನಾಯಿತು. ನನ್ನ ಕೈ ಸುಮ್ಮನಾಗಲು ಒಂದು ಕಪ್ ಚಹಾ ಬೇಕಾಯಿತು.

ಊರಿಗೆ ಬಂದ ಮೇಲೆ ಕಾಕಾ ಟ್ರೇಲರನ್ನು ಒಂದು ಸುತ್ತು ಹಾಕಿದರು. ಮುಂದಿನ ತುದಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು, "ಹಿಂಬಾರ ಆಗೇತಿ ತಮ್ಮಾ. ಚಕ್ಕಡಿ ಹಿಂಗ ಹೇರಿದ್ರ ಎತ್ತಿನ ಕೊರಳಿಗೆ ಉರ್ಲ ಬೀಳತಿತ್ತು" ಅಂದರು.

ಅಷ್ಟೇ ಸಮಾಚಾರ. ಚಕ್ಕಡಿ ಹೇರಿದವರಿಗೆಲ್ಲ ಇದು ಗೊತ್ತು. ಭಾರ ತೀರಾ ಮುಂದಾದರೆ ನೊಗ ಎತ್ತಿನ ಹೆಗಲನ್ನು ಜಜ್ಜುತ್ತದೆ. ಹಿಂದಾದರೆ ಮೂಕಿ, ಅಂದರೆ ಗಾಡಿಯ ಮುಂದೆ ಚಾಚಿದ ಮರ, ಮೇಲೇಳುತ್ತದೆ, ಕೊರಳ ಹಗ್ಗ ಬಿಗಿಯುತ್ತದೆ. ಕಾರಿನ ಹಿಂದಿನ ಟ್ರೇಲರಿಗೂ ಒಂದು ಮೂಕಿ ಇದೆ, ಅದರ ತುದಿ ಕಾರಿನ ಕೊಕ್ಕೆಯ ಮೇಲೆ ಕೂರುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಆ ತುದಿಯ ಮೇಲೆ ಬೀಳಬೇಕು. ಕಮ್ಮಿಯಾದರೆ ಬಾಲ ಬೀಸುತ್ತದೆ. ಜಾಸ್ತಿಯಾದರೆ ಬೊಲೆರೊದ ಮೂತಿ ಮೇಲೇಳುತ್ತದೆ, ಮುಂದಿನ ಗಾಲಿಯ ಹಿಡಿತ ಸಡಿಲುತ್ತದೆ.

ಅಳೆಯೋದು ಸುಲಭ. ಒಟ್ಟು ತೂಕಕ್ಕೆ ಟ್ರೇಲರನ್ನು ಬಿಡಿಸಿ ಕಾಟಾ ಮೇಲೆ ನಿಲ್ಲಿಸಿ. ಸಕ್ಕರೆ ಕಾರ್ಖಾನೆಗಳಿರುವ ಸೀಮೆಯಲ್ಲಿ ಕಾಟಾ ಹುಡುಕಬೇಕಿಲ್ಲ. ಆದರೆ ಮೂಕಿಯ ತೂಕಕ್ಕೆ ಅದು ಬೇಡ, ಲಾರಿ ತೂಗುವ ಯಂತ್ರಕ್ಕೆ 20 ಕೆಜಿ ಲೆಕ್ಕಕ್ಕೇ ಇಲ್ಲ. ಅಡತಿ ಅಂಗಡಿಯಲ್ಲಿ ಚೀಲ ತೂಗುವ ತಕ್ಕಡಿ ಇರುತ್ತದಲ್ಲ, ಅದರ ಮೇಲೆ ಮೂಕಿಯ ತುದಿ ಇಡಿ. ಅಡಿಗೆ ಇಟ್ಟಿಗೆ ಕೊಟ್ಟು, ಕೊಕ್ಕೆಗೆ ಕಟ್ಟಿದಾಗ ಎಷ್ಟು ಎತ್ತರದಲ್ಲಿರುತ್ತದೋ ಅಷ್ಟೇ ಎತ್ತರಕ್ಕೆ ತನ್ನಿ. ಇಟ್ಟಿಗೆಯ ತೂಕ ಕಳೆಯೋದು ಮರೀಬೇಡಿ.

ನನ್ನದು ಒಟ್ಟು 620 ಕೆಜಿ ಇತ್ತು. ಮೂಕಿಯ ಮೇಲೆ ಬರೀ 20! 60 ಲೀಟರ್ ನೀರಿನ ಟ್ಯಾಂಕು ಅಚ್ಚಿಗಿಂತ ಒಂದು ಮೀಟರ್ ಹಿಂದಿತ್ತು. 25 ಕೆಜಿಯ ಸ್ಟೆಪ್ನಿ ಅದಕ್ಕೂ ಹಿಂದೆ, ಬಾಗಿಲಿಗೆ. ನೋಡೋಕೆ ಚೆಂದ ಅಂತ ಅಲ್ಲಿ ಹಾಕಿಸಿದ್ದೆ. ಟ್ಯಾಂಕನ್ನು ಅಚ್ಚಿನಿಂದ ಒಂದು ಅಡಿ ಮುಂದಕ್ಕೆ ತಂದೆ, ಅಷ್ಟಕ್ಕೇ ಮೂಕಿಯ ಮೇಲೆ 32 ಕೆಜಿ ಏರಿತು. ಸ್ಟೆಪ್ನಿಯನ್ನು ಮುಂದಿನ ವಿ ಕೈಗಳ ಮೇಲೆ ಮಲಗಿಸಿದೆ, ಇನ್ನೊಂದು 27. ಹೆಚ್ಚುಕಮ್ಮಿ 80ಕ್ಕೆ ಬಂದು ನಿಂತಿತು. ಒಂದು ಕೆಜಿ ಕಬ್ಬಿಣ ಹೊಸದಾಗಿ ಸೇರಿಸಿಲ್ಲ, ಜಾಗ ಬದಲಿಸಿದ್ದಷ್ಟೇ. ಇನ್ನೊಂದು ಲಾಭವೂ ಆಯಿತು. ಟ್ಯಾಂಕು ಅಚ್ಚಿನ ಹತ್ತಿರ ಇರುವುದರಿಂದ ನೀರೆಲ್ಲ ಖಾಲಿಯಾದರೂ ಮೂಕಿಯ ತೂಕ ಏಳೆಂಟು ಕೆಜಿ ಮಾತ್ರ ಇಳಿಯುತ್ತದೆ. ಅದಾದ ಮೇಲೆ ಅದೇ ಇಳಿಜಾರಿನಲ್ಲಿ ಎಷ್ಟೋ ಸಲ ಬಂದಿದ್ದೇನೆ, ಟ್ರೇಲರ್ ಇದೆ ಅನ್ನುವುದೇ ಮರೆತು ಹೋಗುತ್ತದೆ.

ಗಾಲಿಯ ಮಾತಿಗೆ ಬರೋಣ. ಎಳೆಯುವ ಗಾಡಿಯ ಗಾಲಿಯನ್ನೇ ಟ್ರೇಲರಿಗೂ ಹಾಕಿಸಿ. ಬೊಲೆರೊಗೆ 215/75 ಆರ್15 ಟೈರು, ಐದು ಬೋಲ್ಟು. ಟ್ರೇಲರಿಗೂ ಅದೇ ಇದ್ದರೆ ಒಂದೇ ಸ್ಟೆಪ್ನಿ ಆರೂ ಗಾಲಿಗೆ ಆಗುತ್ತದೆ. ಎರಡು ಗಾಲಿಗಳ ನಡುವಿನ ಅಗಲವೂ ಬೊಲೆರೊದಷ್ಟೇ ಇರಲಿ. ಹೊಲದ ದಾರಿಯಲ್ಲಿ ಟ್ರೇಲರ್ ಅದೇ ಜಾಡಿನಲ್ಲಿ ಬರುತ್ತದೆ, ಇಲ್ಲದಿದ್ದರೆ ತನ್ನದೇ ಹೊಸ ಜಾಡು ಕೊರೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಜೀಪಿನ ಹಿಂದೆ ಇದ್ದ ಕಾಲು ಟನ್ನಿನ ಟ್ರೇಲರಿಗೂ ಜೀಪಿನ ಗಾಲಿಯೇ ಇತ್ತು. ಕಾಪಿ ಹೊಡೆಯುವುದಾದರೆ ಅದನ್ನು ಹೊಡೆಯಿರಿ.

ಮುದ್ದೇಬಿಹಾಳ ಅಂದರೆ ಎರೆ ಮಣ್ಣು. ಅದರ ಗುಣ ನಿಮಗೆ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನ ಒಳಗೆ ತುಂಬಿಕೊಂಡು, ಗಾಲಿ ತಿರುಗುವುದೇ ನಿಂತು ಹೋಗುತ್ತದೆ. ಆಮೇಲೆ ಟ್ರೇಲರ್ ಉರುಳುವುದಿಲ್ಲ, ಕುಂಟಿ ಹೊಡೆದಂತೆ ನೆಲ ಕೆರೆದುಕೊಂಡು ಬರುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಜಾಗ ಬಿಡಿಸಿ, ಮಡ್‌ಗಾರ್ಡು ಬೋಲ್ಟ್ ಬಿಚ್ಚಿ ತೆಗೆಯುವಂತಿರಲಿ. ಇಷ್ಟು ಮಾಡಿದರೂ ಮಳೆ ಬಂದ ದಿನ ಎರೆ ಹೊಲಕ್ಕೆ ಇಳಿಯಬೇಡಿ. ಎಂಥ ಟೈರೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಖಾನಾಪುರ, ಜಾಂಬೋಟಿ ಕಡೆಯ ತೊಂದರೆ ಬೇರೆ ತರಹದ್ದು, ಅಲ್ಲಿ ಹಳ್ಳ. ಬಹಳ ದೂರ ಓಡಿ ಬಿಸಿಯಾದ ಹಬ್ಬು, ಅಂದರೆ ಬೇರಿಂಗ್ ಕೂರುವ ಗಾಲಿಯ ನಡುಭಾಗ, ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲು ಸವೆದಿದ್ದರೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಒಂದು ಸಲ ನನ್ನ ಹಬ್ಬು ಬಿಚ್ಚಿದಾಗ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಬೇರಿಂಗ್ ಹಾಳಾಗೋದು ಹೀಗೆ, ಗೊತ್ತಾಗೋದು ನೂರು ಕಿಲೋಮೀಟರ್ ಆಚೆ. ಹಳ್ಳದ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಹಬ್ಬು ತಣಿಯಲಿ, ಆಮೇಲೆ ಇಳಿಯಿರಿ. ದಾರಿಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಎರಡೂ ಹಬ್ಬಿನ ಹತ್ತಿರ ಕೈ ತಂದು ನೋಡಿ. ಒಂದು ಇನ್ನೊಂದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಮುಂದೆ ಹೋಗಬೇಡಿ.

ಕೊಕ್ಕೆ: ಟ್ರ್ಯಾಕ್ಟರಿನ ಉಂಗುರ-ಪಿನ್ನು ಬೇಡ. ಅದರ ಸಡಿಲಿಗೆ ಪ್ರತಿ ಗೇರಿಗೂ ಹಿಂದಿನಿಂದ ಗುದ್ದು ಬೀಳುತ್ತದೆ. 50 ಮಿಲಿಯ ಗುಂಡು, ಅಂದರೆ ಟೋ ಬಾಲ್, ಟಾರ್ ರಸ್ತೆಗೆ ಸಾಕು. ಆಳವಾದ ತಗ್ಗುಗಳಲ್ಲಿ ಗಾಡಿ ಒಂದು ಕಡೆ, ಟ್ರೇಲರ್ ಇನ್ನೊಂದು ಕಡೆ ವಾಲಿದರೆ ಗುಂಡಿನ ಮೇಲೆ ಕೂರುವ ಬಟ್ಟಲು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ತಾನೇ ಸುತ್ತ ತಿರುಗುವ ಜೋಡಣೆ ಬೇಕು. ಯಾವುದೇ ಹಾಕಿಸಿ, ಎರಡು ಸರಪಳಿ ಇರಲೇಬೇಕು, ಕೆಳಗೆ ಗುಣಾಕಾರ ಚಿಹ್ನೆಯಂತೆ ಅಡ್ಡ ಹಾದಿರಬೇಕು. ಕೊಕ್ಕೆ ಕಳಚಿದರೂ ಮೂಕಿ ಆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ನಾಟುವುದಿಲ್ಲ. ಹಿಂದಿನ ದೀಪಗಳ ಬಗ್ಗೆ ಜಾಸ್ತಿ ಹೇಳಲ್ಲ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ದೀಪ ಇಲ್ಲದ ಟ್ರೇಲರ್ ಅಂದರೇನು ಅಂತ ಗೊತ್ತಿದೆ.

ತೂಕ 750 ಕೆಜಿ ಒಳಗೇ ಇರಲಿ. ನಮ್ಮ ವಾಹನ ನಿಯಮಗಳಲ್ಲಿ ಟ್ರೇಲರಿನ ಅತಿ ಹಗುರ ವರ್ಗದ ಗಡಿ ಅದು. ದಾಟಿದರೆ ಟ್ರೇಲರಿಗೆ ಅದರದೇ ಬ್ರೇಕು ಇಲ್ಲದೆ ನಾನಂತೂ ಎಳೆಯಲ್ಲ. ಕಾಗದದ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ, ನೋಂದಣಿ ಬೇಕು, ವಿಮೆ ಬೇಕು. ನೋಂದಣಿಗೆ ತಯಾರಕರು ಕೊಡುವ ಫಾರ್ಮ್ 21 (ಮಾರಾಟದ ಪ್ರಮಾಣಪತ್ರ), ಫಾರ್ಮ್ 22 (ರಸ್ತೆಗೆ ಯೋಗ್ಯ ಅನ್ನುವ ಪ್ರಮಾಣಪತ್ರ) ಕೇಳುತ್ತಾರೆ, ವೆಲ್ಡಿಂಗ್ ಅಂಗಡಿಯ ಬಿಲ್ಲು ಅದಕ್ಕೆ ಸಾಟಿಯಲ್ಲ. ಹಾಗಾಗಿ ಅನುಮೋದನೆ ಇರುವ ತಯಾರಕರಿಂದ ಚಾಸಿ (ಚೌಕಟ್ಟು, ಅಚ್ಚು, ಗಾಲಿ) ಮಾತ್ರ ತಗೊಂಡು, ಮೇಲಿನ ಪೆಟ್ಟಿಗೆ, ಅಡುಗೆ ಜಾಗ, ನೀರು, ದೀಪ ಎಲ್ಲ ಊರಲ್ಲಿ ಮಾಡಿಸೋದು ಜಾಣತನ. ಮೇಲೆ ಹೇಳಿದ ಚೌಕಟ್ಟು, ಪಾಟಾ, ಗಾಲಿಯ ಮಾತೆಲ್ಲ ಆ ಚಾಸಿ ಆರಿಸುವಾಗ ನೋಡಿಕೊಳ್ಳಿ. ಚಾಸಿ ಕೊಳ್ಳುವ ಮೊದಲೇ ವಿಜಯಪುರದ ಆರ್‌ಟಿಒ ಕಚೇರಿಗೆ ನಕ್ಷೆ ಹಿಡಿದುಕೊಂಡು ಒಮ್ಮೆ ಹೋಗಿ ಬನ್ನಿ.

ಫ್ರಿಡ್ಜು, ಸೋಲಾರ್, ಮೇಲೆ ಟೆಂಟು, ಎಲ್ಲದರ ಆಸೆ ಬರುತ್ತದೆ. ಒಂದು ವರ್ಷ ತಡೆಯಿರಿ. ನಾನು ಮಾಡಿದ ಸುಧಾರಣೆಗಳಲ್ಲಿ ಮನೆಯವರು ಮೆಚ್ಚಿದ್ದು ಅತಿ ಅಗ್ಗದ್ದನ್ನು. ಗಾಡಿ ಓಡುವಾಗ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕಮ್ಮಿಯಾಗಿ, ಬಾಗಿಲ ಸಂದಿನಿಂದ ಧೂಳು ಒಳಗೆ ನುಗ್ಗುತ್ತಿತ್ತು. ಎಷ್ಟು ರಬ್ಬರ್ ಬೀಡಿಂಗ್ ಹಾಕಿದರೂ ಹಾಸಿಗೆ ಕೆಂಪು. ಕೊನೆಗೆ ಪೆಟ್ಟಿಗೆಯ ಮುಂಭಾಗದಲ್ಲಿ, ಮೇಲಕ್ಕೆ, ಅಂಗೈ ಅಗಲದ ಕಿಂಡಿ ಕೊರೆದು ಬೈಕಿನ ಏರ್ ಫಿಲ್ಟರಿನ ಸ್ಪಂಜು ಕೂರಿಸಿದೆ. ಓಡುವಾಗ ಸೋಸಿದ ಗಾಳಿ ಮುಂದಿನಿಂದ ಒಳಗೆ ಬಂದು, ಸಂದಿಗಳಿಂದ ಹೊರಗೆ ಹೋಗುತ್ತದೆ. ಧೂಳು ಬರಲು ದಾರಿಯೇ ಇಲ್ಲ. ಬ್ಯಾಟರಿ ಹಾಕುವಾಗ ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಎತ್ತಿಕೊಂಡು ಬರಬೇಡಿ, 150 ಆಂಪಿಯರ್-ಅವರಿನದು 50 ಕೆಜಿ ಮೇಲೆ ತೂಗುತ್ತದೆ. ಏನೇ ಹೊಸದು ಸೇರಿಸಿದರೂ ಮತ್ತೆ ಅಡತಿ ಅಂಗಡಿಯ ತಕ್ಕಡಿಗೆ ಹೋಗಿ ಬನ್ನಿ.

ಮನೆ ಹಿಂದೆ ಬಿದ್ದಿರುವ ಆ ಅಚ್ಚನ್ನು ಗುಜರಿಗೆ ಹಾಕಿಬಿಡಿ. ಕೆಜಿ ಲೆಕ್ಕದಲ್ಲಿ ತಗೊಳ್ತಾರೆ, ಭಾರ ಇದ್ದಷ್ಟೂ ಒಳ್ಳೆಯದು. ಬಂದ ದುಡ್ಡಿನಲ್ಲಿ ಎರಡು ಹಬ್ಬಿನ ಬೇರಿಂಗು, ಸೀಲು ಬರುತ್ತವೆ. ಒಂದು ಜೋಡಿ ಜಾಸ್ತಿನೇ ತಗೊಂಡು ಗಾಡಿಯಲ್ಲಿ ಇಟ್ಟುಕೊಳ್ಳಿ.