‘ಆದ್ದರಿಂದ’ದೊಳಗಿನ 37 ದಿನ

ಪ್ರತಿ ವರ್ಷ ಉತ್ತರ ಪತ್ರಿಕೆ ತಿದ್ದುವಾಗ ನನ್ನ ತಲೆ ಕೆಡಿಸುವುದು ಒಂದೇ ಸಾಲು. ‘ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು, ಆದ್ದರಿಂದ ಮೊದಲನೇ ಮಹಾಯುದ್ಧ ಶುರುವಾಯಿತು.’ ಕೊಲೆ ನಡೆದದ್ದು 1914ರ ಜೂನ್ 28ರಂದು. ಬ್ರಿಟನ್ ಯುದ್ಧಕ್ಕಿಳಿದದ್ದು ಆಗಸ್ಟ್ 4ರಂದು. ಆ ಒಂದು ‘ಆದ್ದರಿಂದ’ದೊಳಗೆ 37 ದಿನ ಅಡಗಿ ಕೂತಿವೆ!

ಸ್ವಲ್ಪ ಜಾಣರು ಇನ್ನೊಂದು ಕಡೆಗೆ ವಾಲುತ್ತಾರೆ. ಬ್ರಿಟನ್ನಿಗೂ ಜರ್ಮನಿಗೂ ಹಡಗಿನ ಪೈಪೋಟಿ ಇತ್ತು, ಹಾಗಾಗಿ ಯುದ್ಧ ಆಗಲೇಬೇಕಿತ್ತು ಎನ್ನುತ್ತಾರೆ. ಪೈಪೋಟಿ ಇದ್ದದ್ದು ನಿಜ. 1909ರಲ್ಲಿ ಡ್ರೆಡ್‌ನಾಟ್ ಎಂಬ ಭಾರಿ ಯುದ್ಧನೌಕೆ ಎಂಟು ಬೇಕೇ ಬೇಕು ಎಂದು ಬ್ರಿಟನ್ನಿನ ಜನ ಗಲಾಟೆ ಮಾಡಿದ್ದರು. ಆದರೆ 1914ರ ಹೊತ್ತಿಗೆ ಜರ್ಮನಿ ಆ ಓಟದಲ್ಲಿ ಹಿಂದೆ ಬಿದ್ದಿತ್ತು. ಕೊಲೆಯ ಸುದ್ದಿ ಬಂದ ದಿನ ಬ್ರಿಟನ್ನಿನ ನಾಲ್ಕು ದೊಡ್ಡ ಯುದ್ಧನೌಕೆಗಳು ಎಲ್ಲಿದ್ದವು ಗೊತ್ತಾ? ಜರ್ಮನಿಯ ಕೀಲ್ ಬಂದರಿನಲ್ಲಿ, ಅತಿಥಿಗಳಾಗಿ.

ಹಾಗಾದರೆ ದೇಶಗಳ ನಡುವಿನ ಹಗೆತನ ಮಾಡಿದ್ದೇನು? ನಾನು ನೋಡಿದಂತೆ, ಎಲ್ಲರ ಕೈಯಲ್ಲಿದ್ದ ಸಮಯವನ್ನು ತಿಂದುಹಾಕಿತು. ಇದು ಅರ್ಥವಾಗಬೇಕಾದರೆ ‘ಸೈನ್ಯ ಜಮಾವಣೆ’ ಎಂಬ ಮಾತು ಅರ್ಥವಾಗಬೇಕು. ಅದನ್ನು ಯಾರೂ ಓದುವುದಿಲ್ಲ, ಸುಮ್ನೆ ದಾಟಿ ಹೋಗುತ್ತಾರೆ.

ಹೊಲದಲ್ಲಿ, ಫ್ಯಾಕ್ಟರಿಯಲ್ಲಿ ಇದ್ದ ಲಕ್ಷಗಟ್ಟಲೆ ಮೀಸಲು ಸೈನಿಕರನ್ನು ಕರೆಸಬೇಕು. ಬಂದೂಕು ಕೊಡಬೇಕು. ಕುದುರೆ, ಫಿರಂಗಿ ಸಮೇತ ರೈಲು ಹತ್ತಿಸಿ ಗಡಿಗೆ ಸಾಗಿಸಬೇಕು. ಇದೇ ಜಮಾವಣೆ. ರಷ್ಯಾಕ್ಕೆ ಇದು ಯುದ್ಧವಲ್ಲ. ಸೈನ್ಯ ಸೇರಿಸಿ ಗಡಿಯಲ್ಲಿ ವಾರಗಟ್ಟಲೆ ಸುಮ್ಮನೆ ಕೂರಬಹುದಿತ್ತು. ಜರ್ಮನಿಗೆ ಹಾಗಲ್ಲ. 1894ರಿಂದ ಫ್ರಾನ್ಸ್ ಮತ್ತು ರಷ್ಯಾ ಜೊತೆಯಾಗಿದ್ದವು. ರಷ್ಯಾ ದೊಡ್ಡ ದೇಶ, ನಿಧಾನವಾಗಿ ಸೈನ್ಯ ಸೇರಿಸುತ್ತದೆ, ಅಷ್ಟರಲ್ಲಿ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಮುಗಿಸಿಬಿಡೋಣ ಎಂಬುದು ಜರ್ಮನಿಯ ಯೋಜನೆ. ಅಂದರೆ ರಷ್ಯಾ ಸೈನ್ಯ ಸೇರಿಸಲು ಶುರುಮಾಡಿದ ಗಳಿಗೆಯಿಂದ ಜರ್ಮನಿಯ ಗಡಿಯಾರ ಓಡತೊಡಗುತ್ತದೆ. ಇವನು ಕಾವಲಿಗೆ ಎಂದು ಮಾಡಿದ್ದು ಅವನ ಕಣ್ಣಿಗೆ ದಾಳಿ. ಇಷ್ಟೇ ವಿಷಯ. ಇದನ್ನು ಬರೆದರೆ ಪೂರ್ತಿ ಅಂಕ ಕೊಡಲು ನಾನು ಪೆನ್ನು ಹಿಡಿದು ಕೂತಿರುತ್ತೇನೆ.

ಕೊಲೆಯ ಸೇಡಿಗೆ ಆಸ್ಟ್ರಿಯಾ ಜುಲೈ 28ರಂದು ಸರ್ಬಿಯಾದ ಮೇಲೆ ಯುದ್ಧ ಸಾರಿತು. ಸರ್ಬಿಯಾದ ಬೆನ್ನಿಗೆ ರಷ್ಯಾ ನಿಂತಿತು. ಜುಲೈ 29ರಂದು ರಷ್ಯಾದ ದೊರೆ ಝಾರ್ ನಿಕೊಲಸ್ ಪೂರ್ಣ ಜಮಾವಣೆಗೆ ಒಪ್ಪಿದ. ಜರ್ಮನಿಯ ಚಕ್ರವರ್ತಿ, ಅಂದರೆ ಕೈಸರ್, ವಿಲ್ಹೆಲ್ಮ್ ಅವನ ನೆಂಟ. ಕೈಸರನ ತಂತಿ ಬಂದದ್ದೇ ರಾತ್ರಿ ಝಾರನ ಆದೇಶ ವಾಪಸ್. ಮರುದಿನ ಮಂತ್ರಿಗಳ, ಸೇನಾಪತಿಗಳ ಒತ್ತಾಯಕ್ಕೆ ಮತ್ತೆ ಒಪ್ಪಿದ. ರಷ್ಯಾದ ಸೇನಾ ಮುಖ್ಯಸ್ಥ ಯಾನುಷ್ಕೆವಿಚ್‌ಗೆ ಝಾರನ ಮನಸ್ಸು ಗೊತ್ತಿತ್ತು. ಈ ಸಲ ಒಪ್ಪಿಗೆ ಸಿಕ್ಕಿದರೆ ನನ್ನ ಟೆಲಿಫೋನನ್ನೇ ಒಡೆದುಹಾಕುತ್ತೇನೆ, ಯಾರ ಕೈಗೂ ಸಿಗುವುದಿಲ್ಲ ಎಂದಿದ್ದ. ಮಕ್ಕಳು ಇಲ್ಲಿ ನಗುತ್ತಾರೆ. ನಗಲಿ ಬಿಡಿ, ನೆನಪಾದರೂ ಇರುತ್ತದೆ.

ಎಲ್ಲ ತಪ್ಪನ್ನೂ ವೇಳಾಪಟ್ಟಿಯ ತಲೆಗೆ ಕಟ್ಟುತ್ತಿದ್ದೇನೆ ಎಂದುಕೊಳ್ಳಬೇಡಿ. ಸರ್ಬಿಯಾದ ವಿರುದ್ಧ ಆಸ್ಟ್ರಿಯಾಕ್ಕೆ ಬೆನ್ನು ತಟ್ಟಿ ಕಳಿಸಿದ್ದು ಜರ್ಮನಿಯೇ, ಜುಲೈ 5ರಂದು. ಯಾರದು ಎಷ್ಟು ತಪ್ಪು ಎಂಬ ಜಗಳ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಸೋದರಮಾವ ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ದರು. ಸಿಂಗಲ್ ಲೈನಿನಲ್ಲಿ ಒಂದು ಗೂಡ್ಸ್ ತಡವಾದರೆ ರಾತ್ರಿಯಿಡೀ ಗೊಣಗುತ್ತಿದ್ದರು. ಅವರಿಗೆ ಒಮ್ಮೆ ಆಗಸ್ಟ್ 1ರ ಕತೆ ಹೇಳಿದೆ. ಬ್ರಿಟನ್ ದೂರ ಉಳಿಯಬಹುದು ಎಂಬ ಆಸೆಯಲ್ಲಿ ಕೈಸರ್ ಸೈನ್ಯವನ್ನೆಲ್ಲ ರಷ್ಯಾದ ಕಡೆ ತಿರುಗಿಸು ಎಂದ. ಸೇನಾ ಮುಖ್ಯಸ್ಥ ಮೋಲ್ಟ್‌ಕೆ ಆಗುವುದಿಲ್ಲ ಎಂದ. “ಹೇಗಾಗುತ್ತೆ ಮಾರಾಯ, ಗಾಡಿ ಬಿಟ್ಟಾಗಿದೆಯಲ್ಲ!” ಎಂದರು ಮಾವ, ಮುಂದೆ ಕೇಳುವ ಮೊದಲೇ.

ಪೂರ್ವದ ಕಡೆ ಮಾತ್ರ ಹೋರಾಡುವ ಯೋಜನೆ ಜರ್ಮನಿಯ ಬಳಿ ಮೊದಲು ಇತ್ತು. ಅದನ್ನು ಪರಿಷ್ಕರಿಸುವುದನ್ನೇ 1913ರಲ್ಲಿ ಕೈಬಿಟ್ಟಿದ್ದರು. ಈ 1913ನ್ನು ಉತ್ತರದಲ್ಲಿ ಬರೆದವಳು ನನಗೆ ಇಲ್ಲಿಯವರೆಗೆ ಒಬ್ಬಳೇ ಸಿಕ್ಕಿದ್ದಾಳೆ. ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅರ್ಧ ಅಂಕ ಜಾಸ್ತಿಯೇ ಹಾಕಿದೆ.