ಇಬ್ಬರು ಡಾಕ್ಟರು ಒಪ್ಪಿದರೆ ಸಾಕೇ?

ಆರೋಗ್ಯದ ಯಾವುದೋ ವೆಬ್‌ಸೈಟ್ ತೆರೆಯುತ್ತೀರಿ. ತಲೆಮೇಲೆ ನಾಲ್ಕು ನಕ್ಷತ್ರ, ಪಕ್ಕದಲ್ಲಿ ‘ತಜ್ಞರು ನೋಡಿದ್ದಾರೆ’ ಅನ್ನೋ ಮುದ್ರೆ. ಓದುವ ಮೊದಲೇ ಅರ್ಧ ನಂಬಿಬಿಡುತ್ತೇವೆ, ಅಲ್ವಾ? ನನಗೆ ಕುತೂಹಲ ಆ ನಕ್ಷತ್ರ ಕೊಟ್ಟವರ ಮೇಲೆ. ಕೆಲವು ಕಡೆ ಅವರು ಸಂಬಳವಿಲ್ಲದೆ, ಬಿಡುವಿನಲ್ಲಿ ಕೂತು ಅಂಕ ಹಾಕುವ ಡಾಕ್ಟರುಗಳು.

ಅಂಥ ಇಬ್ಬರಿಗೆ 100 ಪುಟ ಕೊಟ್ಟೆವು ಅನ್ನಿ. ಒಂದೊಂದಕ್ಕೂ ‘ಸರಿ’ ಇಲ್ಲವೇ ‘ಸರಿಯಿಲ್ಲ’ ಅನ್ನಬೇಕು. 80 ಪುಟಗಳಲ್ಲಿ ಇಬ್ಬರದೂ ಒಂದೇ ಮಾತು. ಭಲೇ ಅನಿಸುತ್ತದೆ. ತಡೆಯಿರಿ. ಇಬ್ಬರೂ ಧಾರಾಳಿಗಳು, 100ಕ್ಕೆ 80ನ್ನು ‘ಸರಿ’ ಅನ್ನುವವರು. ಹಾಗಿದ್ದರೆ ಕಣ್ಣು ಮುಚ್ಚಿ ಟಿಕ್ ಹಾಕಿದರೂ ಸುಮಾರು 64 ಪುಟ ಇಬ್ಬರಿಗೂ ‘ಸರಿ’, 4 ಪುಟ ಇಬ್ಬರಿಗೂ ‘ಸರಿಯಿಲ್ಲ’. 68 ಪುಟಗಳ ಒಮ್ಮತ ಸುಮ್ನೆ ಸಿಕ್ಕಿತು! ಎರಡು ಕೋಲೆಬಸವ ಒಟ್ಟಿಗೆ ತಲೆಯಾಡಿಸಿದ ಹಾಗೆ. ಕೆಟ್ಟು ನಿಂತ ಎರಡು ಗಡಿಯಾರ ಒಂದೇ ಹೊತ್ತು ತೋರಿಸಿದ ಹಾಗೆ. ಈ ಗ್ರೇಸ್ ಮಾರ್ಕ್ಸ್ ಕಳೆಯಿರಿ. ಉಳಿದ 32ರಲ್ಲಿ ಗಳಿಸಿದ್ದು 12, ಅಂದರೆ 0.375. ಇದೇ ‘ಕಪ್ಪಾ’, 1960ರಲ್ಲಿ ಜೇಕಬ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞ ಕೊಟ್ಟ ಅಳತೆ. 80ರ ಮೆರುಗು ಅಲ್ಲಿಗೆ ಇಳಿಯಿತು.

ಹಾಗಾದರೆ ಜಾಸ್ತಿ ಜನರನ್ನು ಕೂರಿಸೋಣವೇ? ಇಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಹೇಳಿದ ಎತ್ತಿನ ಕಥೆ ನೆನಪಾಗುತ್ತದೆ. ಇಂಗ್ಲೆಂಡಿನ ಜಾನುವಾರು ಮೇಳವೊಂದರಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಪಂದ್ಯ. 1907ರಲ್ಲಿ ಆತ ಅದರ 787 ಚೀಟಿಗಳ ಲೆಕ್ಕ ಪ್ರಕಟಿಸಿದ. ಸಾಲಾಗಿ ಜೋಡಿಸಿದಾಗ ನಡುವಿನ ಊಹೆ 1,207 ಪೌಂಡ್, ನಿಜ ತೂಕ 1,198! ಆದರೆ ಅಲ್ಲಿ ಒಬ್ಬೊಬ್ಬರದೂ ಬೇರೆ ಚೀಟಿ. ತಜ್ಞರ ಗುಂಪಿನಲ್ಲಿ ಹಿರಿಯರು ಮೊದಲೇ ಬಾಯಿಬಿಟ್ಟರೆ ಹತ್ತು ಚೀಟಿಯೂ ಒಂದೇ ಚೀಟಿ. ಮೊದಲು ಗುಟ್ಟಾಗಿ ಅಂಕ, ಆಮೇಲೆ ಜಗಳ. ಕ್ರಮ ಹೀಗಿರಬೇಕು.

ಕೇಳುವ ಪ್ರಶ್ನೆಯೂ ಮುಖ್ಯ. ಚಿಕಿತ್ಸೆಯ ಬಗ್ಗೆ ಬರೆದ ಮಾಹಿತಿಯ ಗುಣಮಟ್ಟ ಅಳೆಯಲು ಬ್ರಿಟನ್ನಿನಲ್ಲಿ ಮಾಡಿದ ‘ಡಿಸರ್ನ್’ ಪಟ್ಟಿಯಲ್ಲಿ 16 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ನನಗೆ ಇಷ್ಟವಾದದ್ದು: ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂದು ಬರೆದಿದ್ದಾರೆಯೇ? ಔಷಧಿ ಮಾರುವವರಿಗೆ ಈ ಪ್ರಶ್ನೆ ಹಿಡಿಸಲಿಕ್ಕಿಲ್ಲ. ಆದರೆ ಬರೆದದ್ದು ನಿಜವೋ ಸುಳ್ಳೋ ಅನ್ನುವುದನ್ನು ಈ ಪಟ್ಟಿ ಅಳೆಯುವುದಿಲ್ಲ. ಅಚ್ಚುಕಟ್ಟಾಗಿ ಬರೆದ ಸುಳ್ಳಿಗೂ ಒಳ್ಳೆ ಅಂಕ ಬಂದೀತು. ಅದನ್ನು ಹಿಡಿಯಲು ವಿಷಯ ಬಲ್ಲವರೇ ಬೇಕು.

ಅವರು ಹಿಡಿದ ಮೇಲೂ ಒಂದು ತೊಡಕು: ಇವತ್ತು ಅಂಕ ಹಾಕಿದ ಪುಟವನ್ನು ನಾಳೆ ತಿದ್ದಬಹುದು, ನಕ್ಷತ್ರ ಮಾತ್ರ ಅಲ್ಲೇ ಕೂತಿರುತ್ತದೆ. ಹಾಗಾಗಿ ಮುದ್ರೆ ಕಂಡ ಕೂಡಲೇ ನಾನು ಹುಡುಕುವುದು ಎರಡು ತಾರೀಖು: ಅಂಕ ಕೊಟ್ಟದ್ದು ಯಾವಾಗ, ಪುಟ ತಿದ್ದಿದ್ದು ಯಾವಾಗ.