ಪೆಟ್ರೋಲ್ ಹಂಚಿಕೊಳ್ಳಿ, ಬಾಡಿಗೆ ಬೇಡ

ನಾನು ಹಾಸನದಲ್ಲಿ ವಾಹನ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ನನ್ನ ಹತ್ತಿರ ಜನ ಬರುವುದು ಎಲ್ಲ ಮುಗಿದ ಮೇಲೆ. ಕಳೆದ ತಿಂಗಳು ಮಾತ್ರ ನಾಲ್ವರು ಶಿಕ್ಷಕರು ಮೊದಲೇ ಬಂದರು. ಬೇಲೂರು ಕಡೆಯ ಶಾಲೆಗಳಿಗೆ ದಿನಾ ಒಂದೇ ಕಾರಿನಲ್ಲಿ ಹೋಗಿಬರಬೇಕೆಂದಿದ್ದೇವೆ, ತೊಂದರೆ ಇದೆಯಾ ಎಂದು ಕೇಳಿದರು. ನನಗೆ ನಿಜಕ್ಕೂ ಖುಷಿಯಾಯಿತು.

ಲೆಕ್ಕ ಅವರೇ ಹಾಕಿಕೊಂಡಿದ್ದರು. ಹಗರೆ ಮೇಲೆ ಬೇಲೂರಿಗೆ ಸುಮಾರು 40 ಕಿ.ಮೀ., ಹೋಗಿಬರಲು 80. ಲೀಟರಿಗೆ 16 ಕಿ.ಮೀ. ಕೊಡುವ ಕಾರಿಗೆ ದಿನಕ್ಕೆ 5 ಲೀಟರ್. ತಿಂಗಳಲ್ಲಿ 24 ದಿನ ಶಾಲೆ ಎಂದರೆ 120 ಲೀಟರ್, ನಾಲ್ವರು ಹಂಚಿಕೊಂಡರೆ ತಲೆಗೆ 30. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪುಕ್ಕಟೆ ಇದೆಯಲ್ಲ ಎಂದೆ. ‘ಬಸ್ಸಿಳಿದ ಮೇಲೆ ಶಾಲೆಗೆ ಇನ್ನೂ 6 ಕಿ.ಮೀ. ಇದೆ ಸಾರ್, ಆಟೊ ತುಂಬೋವರೆಗೂ ಅದು ಹೊರಡಲ್ಲ’ ಎಂದರು ಒಬ್ಬ ಟೀಚರ್. ಅದೂ ಸರಿಯೇ.

ತೊಡಕಿರುವುದು ಒಂದೇ ಪದದಲ್ಲಿ: ಬಾಡಿಗೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಗೆ ಜನ ಕೂರಿಸಬೇಕಾದರೆ ಪರ್ಮಿಟ್ ಬೇಕು, ಹಳದಿ ಬೋರ್ಡ್ ಬೇಕು. ಬಿಳಿ ಬೋರ್ಡಿನ ಕಾರಿನ ವಿಮಾ ಪಾಲಿಸಿಯೂ ಬಾಡಿಗೆ ಓಡಾಟವನ್ನು ಹೊರಗಿಡುತ್ತದೆ. ಗೊತ್ತಿರುವವರು ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದು ಬೇರೆ, ಸೀಟಿಗಿಷ್ಟು ಎಂದು ವಸೂಲು ಮಾಡಿ ಲಾಭ ಉಳಿಸಿಕೊಳ್ಳುವುದು ಬೇರೆ.

ನಾನು ನಡೆಸಿದ ಒಂದು ಕೇಸು ಇಂದಿಗೂ ಕಾಡುತ್ತದೆ. ಜೊತೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದವರ ಕಾರು ಮೋರಿಗೆ ಬಡಿದು ಹಿಂದೆ ಕೂತವರ ಕಾಲು ಮುರಿದಿತ್ತು. ಅವರು ಕಾರಿನವರಿಗೆ ಪ್ರತಿ ತಿಂಗಳು ಫೋನಿನಲ್ಲೇ ದುಡ್ಡು ಕಳಿಸುತ್ತಿದ್ದರು, ಜೊತೆಗೆ ‘ಕಾರ್ ಬಾಡಿಗೆ’ ಎಂದು ಎರಡು ಪದ ಬರೆಯುತ್ತಿದ್ದರು. ಕೊಡುತ್ತಿದ್ದದ್ದು ಪೆಟ್ರೋಲಿನ ಪಾಲು ಮಾತ್ರ, ಆದರೆ ವಿಮಾ ಕಂಪನಿಯ ವಕೀಲರು ಆ ಎರಡು ಪದವನ್ನೇ ಹಿಡಿದುಕೊಂಡರು. ಅದು ಬಾಡಿಗೆಯಲ್ಲ ಎಂದು ತೋರಿಸುವುದರಲ್ಲೇ ವರ್ಷ ಕಳೆಯಿತು. ಗಾಯಾಳು ಅಷ್ಟೂ ದಿನ ಆಸ್ಪತ್ರೆಯ ಸಾಲಕ್ಕೆ ಬಡ್ಡಿ ಕಟ್ಟಿದರು.

ಅದಕ್ಕೇ ದುಡ್ಡಿನ ಮಾತೇ ಬಾರದಂತೆ ಸರದಿ ಹಾಕಿಕೊಳ್ಳಿ ಎಂದು ನಾನು ಹೇಳುವುದು. ನಾಲ್ವರಿಗೂ ಕಾರಿದ್ದರೆ ವಾರಕ್ಕೊಬ್ಬರ ಕಾರು. ಒಬ್ಬರಿಗೇ ಇದ್ದರೆ ಉಳಿದವರು ಸರದಿಯ ಮೇಲೆ ನೇರ ಬಂಕಿನಲ್ಲೇ ಪೆಟ್ರೋಲ್ ಹಾಕಿಸಿ, ರಸೀದಿಯನ್ನು ಡ್ಯಾಶ್‌ಬೋರ್ಡಿನ ಪುಟ್ಟ ಪುಸ್ತಕದಲ್ಲಿ ಅಂಟಿಸಿ.

ಇನ್ನು ಪಾಲಿಸಿ. ಕಾಯ್ದೆ ಕಡ್ಡಾಯ ಮಾಡಿರುವ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ, ಅಂದರೆ ನಿಮ್ಮ ಕಾರಿನಿಂದ ಹೊರಗಿನವರಿಗಾದ ಹಾನಿಯನ್ನಷ್ಟೇ ತುಂಬುವ ವಿಮೆಯಲ್ಲಿ, ಖಾಸಗಿ ಕಾರಿನೊಳಗೆ ಕೂತವರಿಗೆ ರಕ್ಷಣೆಯಿಲ್ಲ. ತಪ್ಪು ನಿಮ್ಮ ಕಾರಿನದೇ ಆದರೆ ಪರಿಹಾರ ಮಾಲೀಕರ ಜೇಬಿನಿಂದ ಹೋಗಬೇಕು. ಥರ್ಡ್ ಪಾರ್ಟಿ ಜೊತೆಗೆ ಸ್ವಂತ ಕಾರಿನ ಹಾನಿಯನ್ನೂ ತುಂಬುವ ಪ್ಯಾಕೇಜ್ ಪಾಲಿಸಿ ಇದ್ದರೆ ಕೂತವರೂ ಅದರೊಳಗೆ ಬರುತ್ತಾರೆ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ ಎಂದು ಹಲವರು ಧೈರ್ಯವಾಗಿರುತ್ತಾರೆ. ಅದು ಮಾಲೀಕ-ಚಾಲಕರಿಗೆ ಮಾತ್ರ, ಪಕ್ಕದಲ್ಲಿ ಕೂತ ಗೆಳೆಯರಿಗಲ್ಲ.

ಶಿಕ್ಷಕರ ಪಾಲಿಸಿಗಳನ್ನು ಮೇಜಿನ ಮೇಲೆ ಹರಡಿ ನೋಡಿದೆವು. ನಾಲ್ಕರಲ್ಲಿ ಎರಡು ಬರೀ ಥರ್ಡ್ ಪಾರ್ಟಿ. ಆ ಇಬ್ಬರ ಕಾರು ಸದ್ಯ ಮನೆಯಲ್ಲೇ ಇರಲಿ, ಪಾಲಿಸಿ ಬದಲಾದ ಮೇಲೆ ಅವರ ಸರದಿ ಎಂದು ನಾಲ್ವರೂ ಒಪ್ಪಿ ಎದ್ದರು.